ನಾನೂರರ ಜಾಗದಲ್ಲಿ ಒಂದು

"ಮೋಸ! ಹಾಡಹಗಲೇ ಮೋಸ!" ಎಂದು ನಂಬರಪ್ಪ ಕೂಗಿದಾಗ ಸಂಜೆ ಆರೂವರೆ. ಹಗಲು ತನ್ನ ಪಾಡಿಗೆ ತಾನು ಮುಗಿದು ಹೋಗಿತ್ತು. ಆದರೆ ಸಂಕಟದಲ್ಲಿರುವವನು ಗಡಿಯಾರ ನೋಡಿಕೊಂಡು ಕೂಗುತ್ತಾನೆಯೇ? ಹೊಲಿಗೆ ಯಂತ್ರದ ಮುಂದೆ ಕೂತು ಯಾರದೋ ಪ್ಯಾಂಟಿನ ಸೊಂಟ ಬಿಚ್ಚುತ್ತಿದ್ದ ಅವನ ಹೆಂಡತಿ ಸೂಜಿಯನ್ನು ಬೆರಳಿಗೆ ಚುಚ್ಚಿಕೊಂಡು ಓಡಿಬಂದಳು.

"ಏನಾಯ್ತು ರೀ? ಯಾರು ಹೋದ್ರು?"

"ನಾನೂರು ಹೋಯ್ತು ಕಣೇ, ನಾನೂರು!"

"ಅಯ್ಯೋ ದೇವರೇ, ನಾನೂರು ಜನಾನಾ? ಹಡಗಾ, ರೈಲಾ?"

"ಹಡಗೂ ಅಲ್ಲ ರೈಲೂ ಅಲ್ಲ. ಕೊಡೆವೀರ!"

ಹೆಂಡತಿ ಚುಚ್ಚಿದ ಬೆರಳನ್ನು ಬಾಯಲ್ಲಿಟ್ಟುಕೊಂಡು ಪ್ಯಾಂಟಿನ ಕಡೆಗೆ ತಿರುಗಿ ಹೋದಳು. ಗಂಡನ ಕೂಗಿಗಿಂತ ಗಿರಾಕಿಯ ಸೊಂಟ ಮುಖ್ಯ ಎಂಬ ತೀರ್ಮಾನಕ್ಕೆ ಅವಳು ಬಂದು ಬಹಳ ವರ್ಷಗಳಾಗಿದ್ದವು.

ನಂಬರಪ್ಪ ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ, ಜೊತೆಯಲ್ಲಿ ಕೆಲಸ ಮಾಡುವವರು ಇಟ್ಟದ್ದು. ದೊಡ್ಡ ಆಸ್ಪತ್ರೆಯೊಂದರ ನೆಲಮಾಳಿಗೆಯಲ್ಲಿ ರೋಗಿಗಳ ಫೈಲುಗಳನ್ನು ಜೋಡಿಸಿಡುವ ದಾಖಲೆ ಕೋಣೆ ಇದೆ. ಅಲ್ಲಿ ಇಪ್ಪತ್ತೈದು ವರ್ಷಗಳಿಂದ ಅವನದೇ ಏಕಚಕ್ರಾಧಿಪತ್ಯ. (ಚಕ್ರಗಳು ನಿಜಕ್ಕೂ ನಾಲ್ಕು. ಅವನು ಹತ್ತಿ ಇಳಿಯುವ ಏಣಿಗೆ ಜೋಡಿಸಿದ್ದಾರೆ.) ಆ ಕೋಣೆಯ ಸಂವಿಧಾನದಲ್ಲಿ ಇರುವುದು ಒಂದೇ ವಿಧಿ: ಒಬ್ಬ ರೋಗಿಗೆ ಒಂದು ನಂಬರು, ಒಂದು ನಂಬರಿಗೆ ಒಬ್ಬ ರೋಗಿ. ಅವನು ವಾಸಿಯಾಗಿ ಮನೆಗೆ ಹೋಗಲಿ, ಊರು ಬಿಟ್ಟು ಹೋಗಲಿ, ಲೋಕವನ್ನೇ ಬಿಟ್ಟು ಹೋಗಲಿ, ಆ ನಂಬರು ಮತ್ತೊಬ್ಬರಿಗಿಲ್ಲ. "ಮನುಷ್ಯ ಬರ್ತಾನೆ, ಹೋಗ್ತಾನೆ. ನಂಬರು ನಿಲ್ಲತ್ತೆ" ಎಂದು ಹೊಸದಾಗಿ ಕೆಲಸಕ್ಕೆ ಸೇರಿದವರಿಗೆಲ್ಲ ಅವನ ಉಪದೇಶ. ಅವರು ಗಂಭೀರವಾಗಿ ತಲೆಯಾಡಿಸಿ, ಮೆಟ್ಟಿಲು ಹತ್ತಿದ ಮೇಲೆ ನಗುತ್ತಿದ್ದರು.

ಇಂಥವನಿಗೆ ಹದಿನಾಲ್ಕನೇ ವಯಸ್ಸಿನಲ್ಲಿ ಅಂಟಿಕೊಂಡ ಗೀಳು ಎಂದರೆ 'ಕೊಡೆವೀರ' ಎಂಬ ಚಿತ್ರಕಥೆಯ ಮಾಸಿಕ. ಕೊಡೆವೀರ ಹಗಲಲ್ಲಿ ರಸ್ತೆ ಬದಿಯಲ್ಲಿ ಕೂತು ಹರಿದ ಕೊಡೆ ರಿಪೇರಿ ಮಾಡುವ ಸಾಧು ಪ್ರಾಣಿ. ಸಂಜೆಯಾದರೆ ಮುಖವಾಡ ಹಾಕಿ ದುಷ್ಟರ ಬೆನ್ನು ಹತ್ತುತ್ತಾನೆ. ಅವನ ಕೊಡೆ ಬಿಚ್ಚಿದರೆ ಗುರಾಣಿ, ಮಡಿಸಿದರೆ ದೊಣ್ಣೆ, ಹಿಡಿ ಒತ್ತಿದರೆ ವಿಮಾನ. (ಗಾಳಿ ಬೀಸುವ ಕಡೆಗೆ ಮಾತ್ರ.) ಅವನ ಹೆಂಡತಿಗೆ ಇದೊಂದೂ ಗೊತ್ತಿಲ್ಲ, ಗಂಡ ಪಾಪ ಹೆಚ್ಚಿನ ಹೊತ್ತು ಕೊಡೆ ಹೊಲಿದು ದಣಿದು ಬರುತ್ತಾನೆ ಎಂದೇ ಅವಳ ನಂಬಿಕೆ. ಮೂವತ್ತಮೂರು ವರ್ಷ ಮೂರು ತಿಂಗಳಲ್ಲಿ ಹೀಗೆ ಮುನ್ನೂರ ತೊಂಬತ್ತೊಂಬತ್ತು ಸಂಚಿಕೆಗಳು ಬಂದಿದ್ದವು. ಅಷ್ಟೂ ನಂಬರಪ್ಪನ ನಡುಮನೆಯ ಕಪಾಟಿನಲ್ಲಿ ಒಂದರ ಪಕ್ಕ ಒಂದು ನಿಂತಿದ್ದವು. ಕೊನೆಯಲ್ಲಿ ಒಂದು ಬೆರಳಿನಷ್ಟು ಜಾಗ ಖಾಲಿ ಇತ್ತು. ಅದಕ್ಕೆ '೪೦೦' ಎಂಬ ಚೀಟಿಯನ್ನು ಅವನು ಎರಡು ವರ್ಷ ಮೊದಲೇ ಅಂಟಿಸಿಬಿಟ್ಟಿದ್ದ.

ಆ ಸಂಜೆ ಮುನ್ನೂರ ತೊಂಬತ್ತೊಂಬತ್ತನೆಯದು ಕೈಗೆ ಬಂದಿತ್ತು. ಕಥೆಯಂತೂ ರಸಗವಳ. ಕೊಡೆವೀರ ಕಿಟಕಿಯಿಂದ ಮನೆಯೊಳಗೆ ಇಳಿದು, ಮುಖವಾಡ ಕಳಚಿ, ಉಸ್ಸೆಂದು ತಿರುಗಿದರೆ ಹಿಂದೆ ಹೆಂಡತಿ! ಕೈಕಟ್ಟಿ ನಿಂತಿದ್ದಾಳೆ. "ನನಗೆ ಎಲ್ಲಾ ಗೊತ್ತು" ಎನ್ನುತ್ತಾಳೆ. ಅಲ್ಲಿಗೆ ಮುಗಿಯಿತು. ಎಲ್ಲಾ ಎಂದರೆ ಏನೇನು? ಯಾವತ್ತಿನಿಂದ? ಯಾರು ಹೇಳಿದರು? ನಂಬರಪ್ಪ ಪುಟ ತಿರುಗಿಸಿದರೆ ಅಲ್ಲಿ ಚೌಕಟ್ಟು ಕಟ್ಟಿದ ಪ್ರಕಟಣೆ: "ಓದುಗರಿಗೆ ಸಿಹಿ ಸುದ್ದಿ! ಮುಂದಿನ ತಿಂಗಳಿಂದ ಕೊಡೆವೀರ ಹೊಚ್ಚ ಹೊಸದಾಗಿ, ಸಂಚಿಕೆ ಒಂದರಿಂದ ಆರಂಭ! ಕಾರಣವನ್ನು ಅದೇ ಸಂಚಿಕೆಯಲ್ಲಿ ತಿಳಿಸಲಾಗುವುದು."

ತಲೆಯ ಮೇಲೆ ಆಕಾಶ ಬೀಳುವುದೆಂದರೆ ಇದು. ಮುನ್ನೂರ ತೊಂಬತ್ತೊಂಬತ್ತು ಆದ ಮೇಲೆ ಒಂದು! ಎಲ್ಲಾದರೂ ಉಂಟೇ? ಮದುವೆಯಾಗಿ ಇಪ್ಪತ್ತೆರಡು ವರ್ಷವಾದ ಮೇಲೆ ಯಾರಾದರೂ ನಾಳೆಯಿಂದ ಮೊದಲನೇ ವರ್ಷ ಎನ್ನುತ್ತಾರೆಯೇ ಎಂದು ಅವನು ಹೆಂಡತಿಯನ್ನೇ ಕೇಳಿದ.

"ಅಂದ್ರೆ ನಾನೇನೋ ಬೇಡ ಅನ್ನಲ್ಲ" ಎಂದಳು ಹೆಂಡತಿ, ದಾರ ಕಚ್ಚಿ ತುಂಡು ಮಾಡುತ್ತ. "ಮೊದಲನೇ ವರ್ಷ ನೀವು ಪಾತ್ರೆ ತೊಳೀತಿದ್ರಿ."

ಮುಂದಿನ ಭಾನುವಾರ ಬೆಳಿಗ್ಗೆ ಕೊಡೆವೀರ ಅಭಿಮಾನಿ ಬಳಗದ ತುರ್ತು ಮಹಾಸಭೆ ನಂಬರಪ್ಪನ ನಡುಮನೆಯಲ್ಲಿ ಸೇರಿತು. ಮಹಾಸಭೆಯೆಂದರೆ ನಾಲ್ಕು ಜನ. ಸದಸ್ಯ ಸಂಖ್ಯೆ ಒಂದು, ಸ್ಥಾಪಕ, ಅಧ್ಯಕ್ಷ ಎಲ್ಲವೂ ನಂಬರಪ್ಪನೇ. ಎರಡು, ಬೀದಿ ಕೊನೆಯ ಕಟಿಂಗ್ ಅಂಗಡಿಯವನು. ಮೂರು, ನಿವೃತ್ತ ಬಸ್ ಕಂಡಕ್ಟರು. ನಾಲ್ಕು, ಹಲ್ಲು ಡಾಕ್ಟರು. ತಮ್ಮ ದವಾಖಾನೆಯ ಮೇಜಿನ ಮೇಲೆ ಕೊಡೆವೀರನನ್ನು ಹರಡಿಟ್ಟು, ಅದನ್ನು ಓದುವ ಆಸೆಗೇ ಜನ ಹಲ್ಲು ಕೀಳಿಸಿಕೊಳ್ಳಲು ಬರುತ್ತಾರೆಂದು ನಂಬಿದ್ದ ಮುಗ್ಧರು ಅವರು.

"ನಾನು ಮೊನ್ನೆಯಿಂದ ಊಟ ಬಿಟ್ಟಿದೀನಿ" ಎಂದ ಕಟಿಂಗ್ ಅಂಗಡಿಯವನು, ಬಿಸ್ಕತ್ತು ಅಗಿಯುತ್ತ. "ನಿನ್ನೆ ಒಬ್ರಿಗೆ ಒಂದು ಕಡೆ ಮೀಸೆ ಹಾರಿಸಿಬಿಟ್ಟೆ. ಕೈ ಅಲ್ಲಿತ್ತು, ಮನಸ್ಸೆಲ್ಲಾ ಕೊಡೆವೀರನ ಮನೆ ಕಿಟಕಿ ಹತ್ರ. ಅವಳಿಗೆ ಏನು ಗೊತ್ತಾಗಿರಬಹುದು ಅಂತ!"

"ಅದೇ ನಾನೂ ಕೇಳೋದು" ಎಂದರು ಕಂಡಕ್ಟರು. "ಬಸ್ಸು ಕೊನೇ ಸ್ಟಾಪಿಗೆ ಒಂದು ಸ್ಟಾಪು ಮುಂಚೆ ನಿಲ್ಲಿಸಿ, ಎಲ್ರೂ ಇಳೀರಿ, ಮತ್ತೆ ಮೊದಲನೇ ಸ್ಟಾಪಿಂದ ಹತ್ತಿ ಅಂದ್ರೆ ಪ್ಯಾಸೆಂಜರು ಸುಮ್ನೆ ಬಿಡ್ತಾರಾ?"

"ಯಾರೋ ಇದರ ಹಿಂದೆ ಇದಾರೆ" ಎಂದರು ಡಾಕ್ಟರು ದನಿ ತಗ್ಗಿಸಿ. "ನೋವು ಒಂದು ಹಲ್ಲಲ್ಲಿ ಕಾಣತ್ತೆ, ಮೂಲ ಇನ್ನೊಂದರಲ್ಲಿರತ್ತೆ. ಯಾರು ಅಂತ ಹುಡುಕಬೇಕು."

ನಂಬರಪ್ಪ ಎದ್ದು ನಿಂತು ಗಂಟಲು ಸರಿಮಾಡಿಕೊಂಡ. ಹಿಂದಿನ ದಿನವೇ ಬರೆದಿಟ್ಟಿದ್ದ ನಿರ್ಣಯವನ್ನು ಓದಿದ. ಒಂದು: ಬಳಗದ ಯಾವ ಸದಸ್ಯನೂ ಹೊಸ ಸಂಚಿಕೆ ಒಂದನ್ನು ಕೊಳ್ಳತಕ್ಕದ್ದಲ್ಲ, ಮುಟ್ಟತಕ್ಕದ್ದಲ್ಲ, ಓದತಕ್ಕದ್ದಲ್ಲ, ಇತರರು ಓದುತ್ತಿರುವಾಗ ಹೆಗಲ ಮೇಲಿಂದ ಇಣುಕತಕ್ಕದ್ದಲ್ಲ. ಎರಡು: ಈ ಘೋರ ಕೃತ್ಯಕ್ಕೆ ಕಾರಣನಾದ ವ್ಯಕ್ತಿಯನ್ನು ಪತ್ತೆ ಹಚ್ಚತಕ್ಕದ್ದು. ಮೂರು: ಆ ವ್ಯಕ್ತಿ ಬಳಗದವನೇ ಆಗಿದ್ದ ಪಕ್ಷದಲ್ಲಿ ಅವನ ಸದಸ್ಯತ್ವ ತತ್‌ಕ್ಷಣ ರದ್ದಾಗತಕ್ಕದ್ದು.

"ಬಳಗದೋನು ಯಾಕಾಗ್ತಾನೆ?" ಎಂದರು ಕಂಡಕ್ಟರು.

"ಆಗಲ್ಲ. ಆದ್ರೆ ನಿಯಮ ಅಂದ್ಮೇಲೆ ಎಲ್ಲಾ ಇರಬೇಕು" ಎಂದ ನಂಬರಪ್ಪ.

ನಾಲ್ವರೂ ಸಹಿ ಹಾಕಿದರು. ಬಾಯಿ ತುಂಬ ಗುಂಡುಸೂಜಿ ಕಚ್ಚಿಕೊಂಡು ಮೂಲೆಯಲ್ಲಿ ಕೋಟೊಂದರ ತೋಳು ಜೋಡಿಸುತ್ತಿದ್ದ ಹೆಂಡತಿ ಒಂದೊಂದಾಗಿ ಸೂಜಿ ತೆಗೆದು ಕೇಳಿದಳು: "ಅಲ್ಲಾ, ಕಾರಣ ಆ ಹೊಸ ಪುಸ್ತಕದಲ್ಲೇ ಹೇಳ್ತಾರಂತಲ್ಲ. ಅದನ್ನ ಓದಲ್ಲ ಅಂದ್ರೆ ಕಾರಣ ಹೆಂಗೆ ಹುಡುಕ್ತೀರಿ?"

ಮಹಾಸಭೆ ಒಟ್ಟಾಗಿ ಬಿಸ್ಕತ್ತಿನ ತಟ್ಟೆಗೆ ಕೈ ಹಾಕಿತು.

"ಪ್ರತಿಭಟನೆ ಅಂದ್ರೆ ತ್ಯಾಗ" ಎಂದು ನಂಬರಪ್ಪ ಸಭೆಯನ್ನು ಮುಗಿಸಿದ. ಆಮೇಲೆ ಎಂದಿನಂತೆ ಸಂಪಾದಕರಿಗೆ ಪತ್ರ ಬರೆಯಲು ಕೂತ. ಇದು ಅವನ ಮಾಸಿಕ ವ್ರತ. ಹದಿನೆಂಟು ವರ್ಷಗಳಿಂದ ತಿಂಗಳಿಗೊಂದು ದೋಷಪಟ್ಟಿಯನ್ನು ಅವನು ಪತ್ರಿಕೆಗೆ ಕಳಿಸುತ್ತಲೇ ಇದ್ದ. ಅರವತ್ತೆರಡರಲ್ಲಿ ಎಡಗೆನ್ನೆಯಲ್ಲಿದ್ದ ಕೊಡೆವೀರನ ಮಚ್ಚೆ ನೂರ ಐದರಲ್ಲಿ ಬಲಗೆನ್ನೆಗೆ ಹೋಗಿದ್ದು ಹೇಗೆ? ಮೂರನೇ ಮಹಡಿಯ ಮನೆಯವನು ಇನ್ನೂರ ಐವತ್ತೊಂದರಲ್ಲಿ ನಾಲ್ಕನೇ ಮಹಡಿಯಿಂದ ಜಿಗಿದದ್ದು ಏಕೆ? ನೂರ ಇಪ್ಪತ್ತರಲ್ಲಿ ತೀರಿಕೊಂಡ ಅವನ ಅತ್ತೆ ನೂರ ಎಪ್ಪತ್ತಾರರಲ್ಲಿ ಊಟಕ್ಕೆ ಬಂದದ್ದು ಯಾರ ಅಪ್ಪಣೆಯಿಂದ? ಹೀಗೆ ಇನ್ನೂರ ಹದಿಮೂರು ಪತ್ರಗಳು ಹೋಗಿದ್ದವು. (ಏಣಿಯಿಂದ ಬಿದ್ದು ಕೈ ಮುರಿದಾಗ ಎರಡು ತಿಂಗಳು ತಪ್ಪಿತ್ತು.) ಒಂದಕ್ಕೂ ಉತ್ತರ ಬಂದಿರಲಿಲ್ಲ. ಉತ್ತರ ಬಾರದಿದ್ದರೂ ಪತ್ರಿಕೆ ಉದ್ಧಾರವಾಗಲಿ ಎಂಬುದೊಂದೇ ಅವನ ನಿಸ್ವಾರ್ಥ ಆಸೆ. ಇನ್ನೂರ ಹದಿನಾಲ್ಕನೆಯದರಲ್ಲಿ ಅವನು ಪತ್ರಿಕೆಯ ಮೊದಲ ತಪ್ಪಿನಿಂದ ಕೊನೆಯ ತಪ್ಪಿನವರೆಗೆ ಎಲ್ಲವನ್ನೂ ಮತ್ತೊಮ್ಮೆ ಸಾರಾಂಶವಾಗಿ ಕೊಟ್ಟು, "ಇಷ್ಟೆಲ್ಲ ಸಹಿಸಿದ ನಮಗೆ ಈ ಅನ್ಯಾಯವೇ?" ಎಂದು ಮುಗಿಸಿದ.

ತಿಂಗಳು ಉರುಳಿತು. ಸಂಚಿಕೆ ಒಂದು ಬರುವ ದಿನ ಬಂತು. ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಪತ್ರಿಕೆ ಅಂಗಡಿ ಇತ್ತು. ನಂಬರಪ್ಪ ಊಟದ ಚೀಲವನ್ನು ಕಣ್ಣಿಗೆ ಅಡ್ಡ ಹಿಡಿದು ನಡೆದು ದೀಪದ ಕಂಬಕ್ಕೆ ಢಿಕ್ಕಿ ಹೊಡೆದ. ಹಣೆ ಊದಿತು, ಪ್ರತಿಜ್ಞೆ ಉಳಿಯಿತು. ಇಡೀ ದಿನ ಏಣಿಯ ಮೇಲೆ ನಿಂತರೂ ಅದೇ ಯೋಚನೆ. ಅವಳಿಗೆ ಏನು ಗೊತ್ತು? ಯಾರು ಆ ಕಾರಣ? ಒಂದು ಫೈಲನ್ನು ಅದರ ಜಾಗಕ್ಕೆ ಇಡದೆ ಎರಡು ಸಾಲು ಆಚೆ ಇಟ್ಟ. ಇಪ್ಪತ್ತೈದು ವರ್ಷದಲ್ಲಿ ಮೊದಲ ಸಲ. ತಾನೇ ಕಂಡುಹಿಡಿದು, ಬೆವರಿ, ಸರಿಮಾಡಿದ.

ಸಂಜೆ ಮನೆಗೆ ಬಂದರೆ ಹೆಂಡತಿ ಕಾಲು ಚಾಚಿ ಕುರ್ಚಿಯಲ್ಲಿ ಒರಗಿ ಏನೋ ಓದುತ್ತಿದ್ದಳು. ಮುಖಪುಟದ ಮೇಲೆ ಬಿಚ್ಚಿದ ಕೊಡೆಯ ಚಿತ್ರ. ಮೂಲೆಯಲ್ಲಿ ದಪ್ಪಗೆ, ಕೆಂಪಗೆ, ನಾಚಿಕೆಯಿಲ್ಲದ '೧'.

"ಏನೇ ಇದು! ಸಹಿ ಹಾಕಿದ ಮನೇಲೇ ದ್ರೋಹ!"

"ಸಹಿ ಹಾಕಿದ್ದು ನೀವು. ನಾನು ಸದಸ್ಯಳೇ ಅಲ್ವಲ್ಲ" ಎಂದು ಅವಳು ಪುಟ ತಿರುಗಿಸಿದಳು. "ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯೋ ಹೊತ್ತಿಗೇ ಹೋಗಿ ತಂದೆ. ಒಂದರಿಂದ ಶುರು ಅಂದ್ರಲ್ಲ, ನನ್ನಂಥವಳಿಗೇ ಅಂತ ಅನ್ನಿಸ್ತು."

ಮದುವೆಯಾದ ಹೊಸದರಲ್ಲಿ ಅವಳು ಆಸೆಯಿಂದ, "ಇದೇನು ಕಥೆ? ನಂಗೂ ಹೇಳಿ" ಎಂದು ಕೇಳಿದ್ದುಂಟು. ಅವನು ಅವಳ ಕೈ ತೊಳೆಸಿ, ಒರೆಸಿ, ಮೊದಲನೇ ಸಂಚಿಕೆ ಕೊಟ್ಟು, ಓದಿದ ಮೇಲೆ ಹತ್ತು ಪ್ರಶ್ನೆ ಕೇಳಿದ್ದ. ಮೂರನೇ ಸಂಚಿಕೆಯಲ್ಲಿ ಅವಳಿಗೆ ಹತ್ತಕ್ಕೆ ನಾಲ್ಕೇ ಬಂದು, ಮತ್ತೆ ಎರಡರಿಂದ ಓದು ಎಂದಿದ್ದ. ಅಂದಿನಿಂದ ಅವಳು ಕಪಾಟಿನ ಧೂಳು ಒರೆಸುವುದನ್ನು ಬಿಟ್ಟರೆ ಆ ಕಡೆ ತಲೆ ಹಾಕಿರಲಿಲ್ಲ.

ಈಗ ಅವಳು ಓದುತ್ತ ಓದುತ್ತ ನಗುತ್ತಿದ್ದಾಳೆ. ಒಮ್ಮೆ "ಅಬ್ಬಾ!" ಎಂದಳು. ಒಮ್ಮೆ "ಚಾಲಾಕಿ ಹೆಂಗಸು!" ಎಂದಳು. ನಂಬರಪ್ಪನ ಕತ್ತು ತಾನಾಗಿ ಉದ್ದವಾಯಿತು. ಹೆಗಲ ಮೇಲಿಂದ ಇಣುಕತಕ್ಕದ್ದಲ್ಲ ಎಂಬುದು ನೆನಪಾಗಿ ಮತ್ತೆ ಗಿಡ್ಡವಾಯಿತು. ಕೊನೆಯ ಪುಟಕ್ಕೆ ಬಂದ ಹೆಂಡತಿ ನಗುವುದನ್ನು ನಿಲ್ಲಿಸಿದಳು. ಒಂದು ಸಲ ಓದಿದಳು. ಗಂಡನ ಮುಖ ನೋಡಿದಳು. ಮತ್ತೊಂದು ಸಲ ಓದಿದಳು.

"ಅಯ್ಯೋ ಪಾಪ" ಎಂದಳು.

"ಏನು? ಯಾರು ಪಾಪ?"

"ಕಾರಣ ಹಾಕಿದಾರೆ."

"ಹೇಳಬೇಡ! ಪ್ರತಿಜ್ಞೆ!"

"ಸರಿ, ಹೇಳಲ್ಲ" ಎಂದು ಅವಳು ಪುಸ್ತಕ ಮುಚ್ಚಿ ಒಳಗೆ ಹೋದಳು.

ಬೇಡ ಎಂದ ತಕ್ಷಣ ಒಪ್ಪಿಕೊಳ್ಳುವ ಹೆಂಡತಿಯಷ್ಟು ಕ್ರೂರಿ ಲೋಕದಲ್ಲಿ ಮತ್ತೊಬ್ಬರಿಲ್ಲ. ನಂಬರಪ್ಪ ಊಟದ ತಟ್ಟೆಯ ಮುಂದೆ ಕೂತು ಯೋಚಿಸಿದ. ನಿರ್ಣಯದಲ್ಲಿ ಓದಬಾರದು, ಇಣುಕಬಾರದು ಎಂದಿದೆ, ಕೇಳಬಾರದು ಎಂದಿಲ್ಲವಲ್ಲ! ಅಲ್ಲದೆ ಎರಡನೆಯ ನಿಯಮದಂತೆ ಪತ್ತೆ ಹಚ್ಚುವುದು ಕರ್ತವ್ಯ.

"ಕಥೆ ಬೇಡ. ಕಾರಣ ಮಾತ್ರ. ನಾನು ಕೇಳ್ತೀನಿ, ನೀನು ಹೌದು, ಇಲ್ಲ ಅಷ್ಟೇ ಅನ್ನು. ಕಾಗದದ ಕೊರತೆಯಾ?"

"ಇಲ್ಲ."

"ಯಾರೋ ಒಬ್ಬ ಮನುಷ್ಯನಾ?"

"ಹೂಂ."

"ಗಂಡಸು?"

"ಹೂಂ. ಅನ್ನೋದಕ್ಕೆ ಅಡ್ಡಿಯಿಲ್ಲ."

"ಪತ್ರಿಕೆ ಕಚೇರಿಯೋನಾ?"

"ಅಲ್ಲ, ಓದೋನು."

ನಂಬರಪ್ಪ ಮೇಜು ಗುದ್ದಿದ. ಓದುಗ! ಉಂಡ ಮನೆಯ ಜಂತೆ ಎಣಿಸುವವನು! "ಎಂಥ ನೀಚ ಇರಬೇಕು ಅವನು!"

"ನೀಚ ಅಂತ ಅಲ್ಲ" ಎಂದಳು ಹೆಂಡತಿ, ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ. "ಸ್ವಲ್ಪ ತಲೆಹರಟೆ."

"ತಲೆಹರಟೆ ಅಲ್ಲ, ತಲೆ ಕೆಟ್ಟೋನು. ಮನೇಲಿ ಹೆಂಡತಿ ಮಕ್ಕಳು ಹೆಂಗೆ ಸಹಿಸ್ಕೋತಾರೋ!"

"ಅದೇ ನಂಗೂ ಆಶ್ಚರ್ಯ."

"ಮಾಡಕ್ಕೆ ಬೇರೆ ಕೆಲಸ ಇಲ್ಲದ ಸೋಮಾರಿ ಇರಬೇಕು. ಈ ಊರೋನಾ?"

ಹೆಂಡತಿ ನೀರು ಕುಡಿಯುವ ನೆಪದಲ್ಲಿ ಲೋಟವನ್ನು ಬಹಳ ಹೊತ್ತು ಮುಖಕ್ಕೆ ಹಿಡಿದುಕೊಂಡಿದ್ದಳು. "ಈ ಊರೋನೇ. ನಮಗೆ ಗೊತ್ತಿರೋನೇ. ಇನ್ನು ಕೇಳಬೇಡಿ. ಬಿಟ್ಟುಬಿಡಿ ರೀ, ಒಳ್ಳೇದಕ್ಕೆ ಹೇಳ್ತಿದೀನಿ."

ಬಿಡುವುದೇ? ಈ ಊರಿನಲ್ಲಿ ಕೊಡೆವೀರನನ್ನು ಓದುವ ಗೊತ್ತಿರುವವರು ಇದ್ದದ್ದೇ ಮೂವರು. ಮರುದಿನ ನಂಬರಪ್ಪ ಮೂರು ಹೊಸ ಫೈಲು ತೆರೆದ. ಮೂವರಿಗೂ ನಂಬರು ಕೊಟ್ಟ. ತನಿಖೆ ಶುರುವಾಯಿತು.

ಮೊದಲು ಕಟಿಂಗ್ ಅಂಗಡಿ. ಬಾಯಿ ಮುಚ್ಚಿ ಗೊತ್ತೇ ಇಲ್ಲದ ಅವನು ಅವತ್ತು ಮೂಕನಂತೆ ಕತ್ತರಿ ಆಡಿಸಿದ. ನಂಬರಪ್ಪ ಕನ್ನಡಿಯಲ್ಲಿ ಅವನನ್ನು ಗುರಾಯಿಸಿ, "ಕಾರಣ ಆದೋನು ನಮ್ಮ ಊರೋನೇ ಅಂತೆ" ಎಂದ. ಕತ್ತರಿ ಕೈತಪ್ಪಿ ಕೆಳಗೆ ಬಿತ್ತು. "ಹೌದಾ? ನಂಗೇನು ಗೊತ್ತು? ನಾನೇನು ಓದಿದೀನಾ?" ಎಂದು ಅವನು ತಡವರಿಸಿದ್ದನ್ನು ನಂಬರಪ್ಪ ಅಕ್ಷರಶಃ ಬರೆದುಕೊಂಡ.

ಕಂಡಕ್ಟರು ದೂರದಿಂದ ಅವನನ್ನು ಕಂಡವರೇ ಹೊರಟಿದ್ದ ಬಸ್ಸಿಗೆ ಓಡಿ ಹತ್ತಿಕೊಂಡರು. ಅದು ಎಲ್ಲಿಗೆ ಹೋಗುವ ಬಸ್ಸೆಂದು ಹತ್ತಿದ ಮೇಲೆ ಡ್ರೈವರನ್ನು ಕೇಳಿದರಂತೆ. ಇದೂ ಫೈಲು ಸೇರಿತು.

ಹಲ್ಲು ಡಾಕ್ಟರ ಬಳಿಗೆ ಅವನು ಇಲ್ಲದ ಹಲ್ಲುನೋವು ಹೇಳಿಕೊಂಡು ಹೋದ. ಬುದ್ಧಿವಂತಿಕೆಯಲ್ಲಿ ಸಣ್ಣದೊಂದು ತೂತು ಉಳಿದಿತ್ತು. ಪ್ರಶ್ನೆ ಕೇಳಬೇಕಾದವನ ಬಾಯಿಯೇ ಅಗಲವಾಗಿ ತೆರೆದು, ಅದರೊಳಗೆ ಕನ್ನಡಿ, ಕಡ್ಡಿ, ಹತ್ತಿ, ನೀರಿನ ಕೊಳವೆ ಎಲ್ಲ ಇದ್ದವು. "ಆಂ ಆಆಆ ಆಂ?" ಎಂದು ಅವನು ವಿಚಾರಣೆ ನಡೆಸಿದ. ಡಾಕ್ಟರು ಕರುಣೆಯಿಂದ ಅವನನ್ನು ನೋಡಿ, "ನಂಬರಪ್ಪೋರೆ, ಕೆಲವನ್ನ ಕೀಳಕ್ಕೆ ಹೋಗಬಾರದು. ಅಲ್ಲಾಡ್ತಿದ್ರೂ ಇರಲಿ ಅಂತ ಬಿಡಬೇಕು" ಎಂದರು. ಅವನು ಅದನ್ನು ಬೆದರಿಕೆ ಎಂದು ಬರೆದುಕೊಂಡ. ಅಷ್ಟರಲ್ಲಿ ಹಲ್ಲುಗಳು ಮಾತ್ರ ಫಳಫಳ ಹೊಳೆಯುತ್ತಿದ್ದವು.

ಭಾನುವಾರ ಎರಡನೇ ಮಹಾಸಭೆ. ನಂಬರಪ್ಪ ಮೂರು ಫೈಲುಗಳನ್ನು ಮೇಜಿನ ಮೇಲೆ ದಪ್ಪನೆ ಹಾಕಿದ.

"ಸದಸ್ಯರೇ! ಕೊಡೆವೀರನ ನಾನೂರನ್ನು ನುಂಗಿದ ಮಹಾಶಯ ಈ ಕೋಣೆಯಲ್ಲೇ ಇದಾನೆ!"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರೆ. ಇಲ್ಲಿ ಮೂವರಲ್ಲಿ ಒಬ್ಬರೂ ಹೆಗಲು ಮುಟ್ಟಿಕೊಳ್ಳಲಿಲ್ಲ. ಒಬ್ಬರು ಮಾಡು ನೋಡಿದರು, ಒಬ್ಬರು ನೆಲ, ಇನ್ನೊಬ್ಬರು ಬಿಸ್ಕತ್ತು.

"ಹೋಲ್ಡಾನ್, ಹೋಲ್ಡಾನ್" ಎಂದರು ಕಂಡಕ್ಟರು. "ಆಗಿದ್ದು ಆಗಿಹೋಯ್ತು. ಅವನೇನು ಬೇಕು ಅಂತ ಮಾಡಿಲ್ಲ. ಪ್ರೀತಿಯಿಂದಲೇ ಮಾಡಿದಾನೆ. ಕ್ಷಮಿಸಿಬಿಡೋಣ."

"ಕ್ಷಮೆ? ಮೂರನೇ ನಿಯಮ ಓದಲಾ?"

"ಬೇಡ ಅಣ್ಣಾ, ದಮ್ಮಯ್ಯ" ಎಂದು ಕಟಿಂಗ್ ಅಂಗಡಿಯವನು ಕೈಮುಗಿದ. "ಪಾಪ, ಹದಿನೆಂಟು ವರ್ಷ ಕಷ್ಟಪಟ್ಟು ಬರೆದ ಮನುಷ್ಯ..."

ಡಾಕ್ಟರು ಅವನ ಕಾಲು ತುಳಿದದ್ದು ಎಲ್ಲರಿಗೂ ಕೇಳಿಸಿತು.

"ಹದಿನೆಂಟು ವರ್ಷ ಅಂತ ನಿಂಗೆ ಹೆಂಗೆ ಗೊತ್ತು?" ಎಂದ ನಂಬರಪ್ಪ ನಿಧಾನವಾಗಿ. "ಓದಿದೀಯಾ? ನೀವೂ ಓದಿದೀರಾ ಡಾಕ್ಟರೇ? ಕಂಡಕ್ಟರೇ? ಮೂವರೂ! ಪ್ರತಿಜ್ಞೆ ಮುರಿದು! ನಾನೊಬ್ಬ ದೀಪದ ಕಂಬಕ್ಕೆ ಹಣೆ ಚಚ್ಚಿಕೊಂಡವನು ಇದ್ದೀನಲ್ಲ ಇಲ್ಲಿ!"

"ಅವಳಿಗೆ ಏನು ಗೊತ್ತಿತ್ತು ಅಂತ ತಿಳ್ಕೊಳ್ದೆ ಬದುಕಕ್ಕೆ ಆಗ್ತಿರಲಿಲ್ಲ ಸ್ವಾಮಿ" ಎಂದರು ಕಂಡಕ್ಟರು ತಲೆತಗ್ಗಿಸಿ.

"ಸರಿ. ಎಲ್ರೂ ಓದಿದ ಮೇಲೆ ಮುಚ್ಚುಮರೆ ಯಾಕೆ? ಕಾರಣ ಯಾರು ಅಂತ ಜೋರಾಗಿ ಓದಿ. ಈಗಲೇ. ಆ ನೀಚನ ಮುಖ ನೋಡೇಬಿಡ್ತೀನಿ!"

ಹೆಂಡತಿ ಒಳಗಿನಿಂದ ಪುಸ್ತಕ ತಂದಳು. ಯಾರೂ ಕೈ ಚಾಚಲಿಲ್ಲ. ಕೊನೆಗೆ ಅವಳೇ ಕನ್ನಡಕ ಸರಿಮಾಡಿಕೊಂಡು ಓದಿದಳು:

"'ಪ್ರಿಯ ಓದುಗರೆ, ಕೊಡೆವೀರನನ್ನು ಮತ್ತೆ ಒಂದರಿಂದ ಏಕೆ ಆರಂಭಿಸಿದೆವೆಂದು ನೀವು ಕೇಳಬಹುದು. ಹದಿನೆಂಟು ವರ್ಷಗಳಿಂದ ಒಬ್ಬ ಓದುಗರು ನಮ್ಮ ತಪ್ಪುಗಳನ್ನು ಪಟ್ಟಿ ಮಾಡಿ ತಿಂಗಳಿಗೊಂದು ಪತ್ರ ಬರೆಯುತ್ತಿದ್ದಾರೆ. ನಾನೂರನೆಯ ಸಂಚಿಕೆಯ ಸಿದ್ಧತೆಗೆಂದು ನಮ್ಮ ಚಿತ್ರಕಾರರು ಅವನ್ನೆಲ್ಲ ಒಟ್ಟಿಗೆ ಕೂತು ಓದಿದರು. ಒಂದೂ ಸುಳ್ಳಲ್ಲ. ಮಚ್ಚೆ ಸರಿಮಾಡಹೋದರೆ ಮಹಡಿ ತಪ್ಪುತ್ತದೆ, ಮಹಡಿ ಸರಿಮಾಡಹೋದರೆ ಅತ್ತೆ ಸಾಯುತ್ತಾರೆ. ಕೊನೆಗೆ ಚಿತ್ರಕಾರರು ಕುಂಚ ಕೆಳಗಿಟ್ಟು, ಇದು ರಿಪೇರಿಯ ಮಾತಲ್ಲ, ಮೊದಲಿನಿಂದಲೇ ಬರೆಯೋಣ ಎಂದರು. ನಮ್ಮ ಕಣ್ಣು ತೆರೆಸಿದ ಆ ಓದುಗರಿಗೆ ಈ ಹೊಸ ಸರಣಿಯನ್ನು ಅರ್ಪಿಸಿದ್ದೇವೆ. ಅವರು ಎಂದೂ ಹೆಸರು ಬರೆದವರಲ್ಲ. ಪ್ರತಿ ಪತ್ರದ ಕೆಳಗೂ ಒಂದೇ ಸಹಿ: ಸದಸ್ಯ ಸಂಖ್ಯೆ ಒಂದು, ಅಭಿಮಾನಿ ಬಳಗ.'"

ನಂಬರಪ್ಪ ಇಂಗು ತಿಂದ ಮಂಗನಂತೆ ಕೂತ. ನೀಚ, ತಲೆ ಕೆಟ್ಟವನು, ಸೋಮಾರಿ ಎಂದು ತಾನು ಬಾಯ್ತುಂಬ ಬೈದದ್ದೆಲ್ಲ ಸಾಲಾಗಿ ಬಂದು ತನ್ನ ಮೇಲೇ ಕೂತಂತಾಯಿತು. ನಾಚಿಕೆಯಾಯಿತು, ದುಃಖವೂ ಆಯಿತು. ಅದರ ಅಡಿಯಲ್ಲೆಲ್ಲೋ, ಯಾರಿಗೂ ಹೇಳಲಾಗದಂತೆ, ಒಂದೂ ಸುಳ್ಳಲ್ಲ ಎಂದರಲ್ಲ ಎಂಬ ಹೆಮ್ಮೆಯೂ ಮಿಸುಕಿತು.

"ನಿಂಗೆ ಅವತ್ತೇ ಗೊತ್ತಿತ್ತು" ಎಂದ ಹೆಂಡತಿಗೆ. "ಯಾಕೆ ಹೇಳಲಿಲ್ಲ?"

"ನೀವು ಅಷ್ಟು ಚೆನ್ನಾಗಿ ಬೈತಾ ಇದ್ರಲ್ಲ. ಇಪ್ಪತ್ತೆರಡು ವರ್ಷದಿಂದ ನಾನು ಬೈಬೇಕು ಅಂತಿದ್ದಿದ್ದನ್ನೆಲ್ಲ ನೀವೇ ಬೈದ್ರಿ. ನಡುವೆ ಯಾಕೆ ತಡೀಲಿ ಅಂತ."

ಈಗ ಉಳಿದದ್ದು ಮೂರನೇ ನಿಯಮ. ಅವನೇ ಬರೆದದ್ದು, ಅವನ ಸಹಿಯೇ ಮೊದಲು. ಸದಸ್ಯತ್ವ ತತ್‌ಕ್ಷಣ ರದ್ದು. ನಂಬರಪ್ಪ ನಿಯಮ ಮುರಿಯುವ ಜಾತಿಯವನಲ್ಲ. ಎದ್ದು ನಿಂತು, "ನಾನು ಹೋಗ್ತೀನಿ" ಎಂದ. ತನ್ನ ಮನೆಯಿಂದ ತಾನು ಎಲ್ಲಿಗೆ ಹೋಗುವುದೆಂದು ತಿಳಿಯದೆ ಅಲ್ಲೇ ನಿಂತ.

"ಹಂಗೆಲ್ಲ ಇಳಿಸಿಬಿಟ್ರೆ ಹೆಂಗೆ?" ಎಂದರು ಕಂಡಕ್ಟರು. "ಕೊಡೆವೀರನೇ ಒಂದರಿಂದ ಶುರು ಮಾಡಿದ ಮೇಲೆ ಬಳಗಾನೂ ಒಂದರಿಂದ ಶುರು ಮಾಡೋಣ. ಹಳೇ ಬಳಗ ಮುಗೀತು, ಅದರ ನಿಯಮಾನೂ ಮುಗೀತು. ಹೊಸ ಸಂಚಿಕೆ ಯಾರು ಮೊದಲು ಕೊಂಡ್ಕೊಂಡ್ರೋ ಅವರಿಗೆ ಮೊದಲ ನಂಬರು. ನಾನು ಒಂಬತ್ತಕ್ಕೆ ಕೊಂಡ್ಕೊಂಡೆ."

"ನಾನು ಹನ್ನೆರಡಕ್ಕೆ" ಎಂದ ಕಟಿಂಗ್ ಅಂಗಡಿಯವನು.

"ನಾನು ಸಂಜೆ" ಎಂದರು ಡಾಕ್ಟರು. "ಮುಖಕ್ಕೆ ಮಾಸ್ಕ್ ಹಾಕ್ಕೊಂಡು ಹೋಗಿದ್ದೆ."

"ನಾನು ಎಂಟಕ್ಕೆ" ಎಂದಳು ಹೆಂಡತಿ.

ಲೆಕ್ಕ ತಾನಾಗಿ ಆಯಿತು. ಸದಸ್ಯ ಸಂಖ್ಯೆ ಒಂದು, ಹೆಂಡತಿ. ಕಂಡಕ್ಟರು ಎರಡು, ಕಟಿಂಗ್ ಅಂಗಡಿಯವನು ಮೂರು, ಡಾಕ್ಟರು ಹಿಂದಿನಂತೆ ನಾಲ್ಕು.

"ನಂಗೆ ಐದಾ?" ಎಂದು ನಂಬರಪ್ಪ ಚೀರಿದ. "ಒಂದು ನನ್ನ ನಂಬರು! ಒಂದು ನಂಬರು ಒಬ್ಬರಿಗೆ ಕೊಟ್ಟ ಮೇಲೆ ಇನ್ನೊಬ್ಬರಿಗೆ..."

"ಅದು ಹಳೇ ಸರಣಿ ರೀ" ಎಂದಳು ಹೆಂಡತಿ ಸಮಾಧಾನವಾಗಿ. "ಮೊದಲು ಒಂದು ಪ್ರತಿ ತಗೊಂಡು ಬನ್ನಿ. ಇಲ್ಲದಿದ್ರೆ ಐದೂ ಇಲ್ಲ."

ಅವನು ಚಪ್ಪಲಿ ಮೆಟ್ಟಿಕೊಂಡು ಹೋಗಿ ತಂದ. ದಾರಿಯಲ್ಲಿ ನಿಂತುಕೊಂಡೇ ಓದಿದ. ಕೊಡೆವೀರನ ಹೆಂಡತಿಗೆ ಎಲ್ಲಾ ಗೊತ್ತಿತ್ತು, ಮೊದಲ ದಿನದಿಂದಲೇ. ಅವಳೇ ಪ್ರತಿದಿನ ಮುಖವಾಡ ಒಗೆದು ಒಣಗಿಸಿ ಅದೇ ಜಾಗದಲ್ಲಿ ಇಡುತ್ತಿದ್ದಳು. ಪಾಪದವನು, ತಾನು ಗುಟ್ಟಾಗಿದ್ದೇನೆ ಎಂದು ಅಷ್ಟೊಂದು ಖುಷಿಪಡುತ್ತಾನಲ್ಲ ಎಂದು ಸುಮ್ಮನಿದ್ದಳು. ಈ ಹೊಸ ಸರಣಿ ಕಥೆಯನ್ನು ಮೊದಲಿನಿಂದ ಹೇಳುವುದೇ ಅವಳ ಬಾಯಿಂದ. ಇಷ್ಟು ಒಳ್ಳೆಯ ಸಂಚಿಕೆ ಮುನ್ನೂರ ತೊಂಬತ್ತೊಂಬತ್ತರಲ್ಲಿ ಒಂದೂ ಬಂದಿರಲಿಲ್ಲ. ಹನ್ನೊಂದನೇ ಪುಟದಲ್ಲಿ ಕೊಡೆಗೆ ಎಂಟರ ಬದಲು ಒಂಬತ್ತು ಕಡ್ಡಿ ಇದ್ದದ್ದು ಕಣ್ಣಿಗೆ ಬಿತ್ತು. ಜೇಬಿನ ಪೆನ್ನಿಗೆ ಕೈ ಹೋಯಿತು. ಅವನು ಆ ಕೈಯನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡು, ಎಣಿಸಿದ್ದನ್ನು ನುಂಗಿ, ಮನೆಗೆ ನಡೆದ. ಆ ಕ್ಷಣಕ್ಕೆ ಅವನಷ್ಟು ದೊಡ್ಡ ತ್ಯಾಗಿ ಬೀದಿಯಲ್ಲಿ ಯಾರೂ ಇರಲಿಲ್ಲ.

ಒಳಗೆ ಬಂದರೆ ಹೆಂಡತಿ ಹೊಲಿಗೆ ಯಂತ್ರದ ಮೇಲೆ ಕಾಗದ ಹರಡಿಕೊಂಡು ಬರೆಯುತ್ತಿದ್ದಳು. ಮೂವರು ಸದಸ್ಯರು ಸುತ್ತ ನಿಂತು ಭಕ್ತಿಯಿಂದ ನೋಡುತ್ತಿದ್ದರು.

"ಏನೇ ಅದು?"

"ಸಂಪಾದಕರಿಗೆ. ಈ ಕೊಡೆವೀರನ ಪ್ಯಾಂಟು ನೋಡಿದ್ರಾ? ಆಸನದಲ್ಲಿ, ಕಾಲು ಸೇರೋ ಕಡೆ, ಬಟ್ಟೆನೇ ಬಿಟ್ಟಿಲ್ಲ. ಇದನ್ನ ಹಾಕ್ಕೊಂಡು ಕಾಲು ಅಗಲಿಸಿ ಹಾರಿದ್ರೆ ಎರಡನೇ ಮಹಡಿಗೇ ಫರ್ ಅಂತ ಹರಿಯತ್ತೆ. ಏಳನೇ ಪುಟದಲ್ಲಿ ಜೇಬು ಹಿಂದಿದೆ, ಒಂಬತ್ತನೇ ಪುಟದಲ್ಲಿ ಜೇಬೇ ಇಲ್ಲ. ಒಟ್ಟು ಹದಿನೇಳು ಸಿಕ್ಕಿದೆ."

"ಬೇಡ ಕಣೇ!" ನಂಬರಪ್ಪ ಎರಡೂ ಕೈ ಜೋಡಿಸಿದ. "ನಿನ್ನ ಕಾಲಿಗೆ ಬೀಳ್ತೀನಿ. ಮತ್ತೆ ಮೊದಲಿಂದ ಶುರು ಮಾಡಿಬಿಡ್ತಾರೆ!"

"ಮಾಡಲಿ. ಅಳತೆ ತಪ್ಪಿದ ಮೇಲೆ ಬಿಚ್ಚಿ ಹೊಲಿಯೋದೇ" ಎಂದು ಅವಳು ಕೆಳಗೆ 'ಸದಸ್ಯ ಸಂಖ್ಯೆ ಒಂದು' ಎಂದು ಸಹಿ ಮಾಡಿ, ಲಕೋಟೆ ಅಂಟಿಸಿ, ಅವನ ಕೈಗೆ ಕೊಟ್ಟಳು. "ಹೊಸ ಬಳಗದಲ್ಲಿ ಟಪಾಲು ಐದನೇ ನಂಬರಿನವರ ಕೆಲಸ. ಈಗಷ್ಟೇ ತೀರ್ಮಾನ ಆಯ್ತು. ಬೇಗ ಹೋಗಿ ಹಾಕಿ ಬನ್ನಿ."

ನಂಬರಪ್ಪ ಬೀದಿಯ ತುದಿಯ ಅಂಚೆ ಡಬ್ಬಿಯ ಮುಂದೆ ಬಹಳ ಹೊತ್ತು ನಿಂತ. ಹಾಕಿದರೆ ಕೊಡೆವೀರನಿಗೆ ಕಷ್ಟ. ಹಾಕದಿದ್ದರೆ ತನಗೆ ಕಷ್ಟ. ಕೊಡೆವೀರನಿಗಾದರೆ ಗುರಾಣಿಯಿದೆ, ದೊಣ್ಣೆಯಿದೆ, ಗಾಳಿ ಬೀಸಿದರೆ ಹಾರಿಹೋಗಲು ವಿಮಾನವೂ ಇದೆ. ಅವನು ಅತ್ತ ಇತ್ತ ನೋಡಿ, ಲಕೋಟೆಯ ಹಿಂಭಾಗದಲ್ಲಿ ಸಣ್ಣ ಅಕ್ಷರದಲ್ಲಿ, 'ಕೊಡೆಗೆ ಒಂಬತ್ತು ಕಡ್ಡಿ, ಪುಟ ಹನ್ನೊಂದು' ಎಂದು ಬರೆದು ಡಬ್ಬಿಯೊಳಗೆ ಹಾಕಿದ.